ಲಾಂಡ್ರಿಯಲ್ಲಿ ವನ್ಸ್ ಮೋರ್

ಎಸ್ಕಿಲ್‌ಸ್ಟುನಾ
ಮಂಗಳವಾರ, 14 ಏಪ್ರಿಲ್ 2026

ಪ್ರೀತಿಯ ಮೋಯಿನ್,

ನಿನ್ನ ಅಮ್ಮಿಯ ಸಲಾಮು ಮತ್ತು ದುವಾ. ಮೈ ಹುಷಾರಾಗಿದೆಯೇ? ಕಿರುನಾದಲ್ಲಿ ಇನ್ನೂ ಹಿಮ ಕರಗಿಲ್ಲವೆಂದು ಖದೀಜಾ ಫೋನಿನಲ್ಲಿ ನೋಡಿ ಹೇಳಿದಳು. ಗಣಿಯೊಳಗೆ ಇಳಿಯುವಾಗ ಟೊಪ್ಪಿಗೆಯ ಕೆಳಗೆ ಆ ಉಣ್ಣೆಯ ಪಟ್ಟಿ ಕಟ್ಟಿಕೊಳ್ಳುತ್ತೀಯೋ ಇಲ್ಲವೋ? ಚಿಕ್ಕಂದಿನಿಂದಲೂ ನಿನಗೆ ಶೀತ ಮೊದಲು ಹಿಡಿಯುವುದು ಕಿವಿಗೇ. ಈದಿಗೆ ಬಂದಾಗ ಗಲ್ಲ ಒಳಗೆ ಹೋಗಿತ್ತು. ನಿಮ್ಮ ಕಂಪನಿಯವರು ತಮ್ಮ ಯಂತ್ರ ಹೇಗೆ ಓಡುತ್ತದೆಂದು ನೋಡಲು ನಿನ್ನನ್ನು ಭೂಮಿಯ ತುದಿಗೆ ಕಳಿಸಿದರಲ್ಲ, ಅಲ್ಲಿ ನಿನಗೆ ರೊಟ್ಟಿ ಯಾರು ಬಡಿದು ಕೊಡುತ್ತಾರೆಂದು ಕೇಳಿದರೋ? ಖದೀಜಾ ಕೊಟ್ಟ ಶೇಂಗಾ ಚಟ್ನಿ ಮುಗಿದಿದ್ದರೆ ಹೇಳು. ನಿನ್ನ ಮಗಳು ನೈನಾ ಚೆನ್ನಾಗಿದ್ದಾಳೆ. ಮುಂದಿನ ಹಲ್ಲೊಂದು ಬಿದ್ದಿದೆ, ನಗುವಾಗ ಥೇಟ್ ನಿನ್ನ ಅಬ್ಬಾ. ನನ್ನ ಮೊಣಕಾಲು ಎಂದಿನಂತಿದೆ. ಅದು ನಿನ್ನ ಹಾಗೆ, ಏಳಬೇಡ ಅನ್ನುತ್ತದೆ, ನಾನು ಏಳುತ್ತೇನೆ.

ಭಾನುವಾರ ಫೋನಿನಲ್ಲಿ ನೀನು ಮಾತಾಡಿದೆ, ನಾನು ಕೇಳಿದೆ. ನಾನು ಮಾತಾಡಲು ಬಾಯಿ ತೆರೆದಾಗ ನೀನು ಮೀಟಿಂಗ್ ಇದೆ ಎಂದು ಕಟ್ ಮಾಡಿದೆ. ಭಾನುವಾರ ಎಂಥ ಮೀಟಿಂಗೋ ನಾನು ಕಾಣೆ. ಅದಕ್ಕೇ ಈ ಕಾಗದ. ಕಾಗದವನ್ನು ಮಧ್ಯದಲ್ಲಿ ಕಟ್ ಮಾಡಲು ಬರುವುದಿಲ್ಲ. ಸಿಟ್ಟಿಗೆ ಹರಿದು ಹಾಕಬಹುದು, ಆದರೆ ನೀನು ನನ್ನ ಮಗ, ಹರಿಯುವ ಮೊದಲು ಕೊನೆಯವರೆಗೆ ಓದುತ್ತೀಯ. ಇಲ್ಲಿನ ಕನ್ನಡದವರ ಗ್ರೂಪಿನಲ್ಲಿ ನವ್ಯಾ ಹಾಕಿದ ವಿಡಿಯೋದಲ್ಲಿ ನೀನು ನೋಡಿದ್ದು ಬಾಲ ಮಾತ್ರ, ಆನೆಯನ್ನು ನಾನು ತೋರಿಸುತ್ತೇನೆ.

ಮಾರ್ಚ್ ತಿಂಗಳಲ್ಲೇ ನಮ್ಮ ಬಿಲ್ಡಿಂಗಿನ ಕೆಳಗಿನ ಲಾಂಡ್ರಿಯ ಬಾಗಿಲಿಗೆ ಒಂದು ಕಾಗದ ಅಂಟಿಸಿದ್ದರು. ಏಪ್ರಿಲ್ ಹನ್ನೊಂದರ ಶನಿವಾರ ಮಧ್ಯಾಹ್ನ ಯಾರೂ ಬಟ್ಟೆ ಒಗೆಯುವ ಹಾಗಿಲ್ಲ, ಅಲ್ಲಿ ಒಪೆರಾ ಇದೆ ಎಂದು. ಖದೀಜಾ ಅದನ್ನು ಓದಿ ಹೇಳಿದಳು. ಕೆಳಗೆ ದಪ್ಪ ಅಕ್ಷರದಲ್ಲಿ ಇನ್ನೊಂದು ಮಾತಿತ್ತು: ಇದು ಎಂದೂ ಒಪೆರಾ ನೋಡದವರಿಗಾಗಿ, ನಿಮಗೆ ಏನೂ ಗೊತ್ತಿರಬೇಕಾಗಿಲ್ಲ, ಸುಮ್ಮನೆ ಬಂದು ಕೂಡಿ. ಒಪೆರಾ ಎಂದರೇನು ಎಂದು ಕೇಳಿದೆ. ಎಲ್ಲ ಮಾತನ್ನೂ ಹಾಡಿನಲ್ಲೇ ಹೇಳುವ ನಾಟಕ, ಹಾಡುತ್ತಲೇ ಪ್ರೀತಿ, ಹಾಡುತ್ತಲೇ ಜಗಳ, ಕೊನೆಗೆ ಹಾಡುತ್ತಲೇ ಸಾಯುವುದು ಎಂದಳು. ನನಗೆ ನಗು ಬಂತು, ಹಿಂದೆಯೇ ಸಿಟ್ಟೂ ಬಂತು. ಒಂಬತ್ತು ವರ್ಷದವಳಿದ್ದಾಗಿನಿಂದ ರಂಗದ ಮೇಲೆ ಹಾಡುತ್ತ ಹಾಡುತ್ತ ಸತ್ತವಳಿಗೆ ಇವರು ಹೊಸದಾಗಿ ತೋರಿಸುತ್ತಾರಂತೆ, ಏನೂ ಗೊತ್ತಿರಬೇಕಾಗಿಲ್ಲವಂತೆ. ಹೋಗಿಯೇ ಹೋಗುತ್ತೇನೆ ಎಂದು ಆಗಲೇ ತೀರ್ಮಾನಿಸಿದೆ. ಖದೀಜಾ ನನ್ನ ಮುಖ ನೋಡಿ ಕ್ಯಾಲೆಂಡರಿನಲ್ಲಿ ಹನ್ನೊಂದಕ್ಕೆ ಗುರುತು ಹಾಕಿದಳು. ನಿನ್ನ ಹೆಂಡತಿ ಜಾಣೆ, ಯಾವಾಗ ಅಡ್ಡ ಬರಬಾರದೆಂದು ಬಲ್ಲಳು.

ನೀನು ಈ ಲಾಂಡ್ರಿಯನ್ನು ಬಟ್ಟೆ ಒಗೆಯಲು ನೋಡಿದ್ದೀಯ, ಆದರೆ ಶನಿವಾರ ನೋಡಬೇಕಿತ್ತು. ಮೆಷಿನುಗಳ ಮುಂದೆ ಬೆಂಚು, ಬಟ್ಟೆ ಮಡಚುವ ಮೇಜು, ಬೋರಲು ಹಾಕಿದ ಬುಟ್ಟಿಗಳು, ಅದರ ಮೇಲೆ ಜನ. ಜಾಗ ಸಾಲದೆ ಮೆಟ್ಟಿಲ ಮೇಲೂ ಜನ. ಸಿರಿಯಾದ ಹೆಂಗಸರು, ಸೊಮಾಲಿಯಾದ ಆ ಎತ್ತರದ ಅಣ್ಣತಮ್ಮಂದಿರು, ಎರಡನೆಯ ಮಹಡಿಯ ಸ್ವೀಡಿಷ್ ಮುದುಕ. ಆ ಮುದುಕ ತಾನು ಬುಕ್ ಮಾಡಿದ ಒಗೆಯುವ ಹೊತ್ತನ್ನು ಕಿತ್ತುಕೊಂಡರೆಂದು ಮೈಲಿಗೆ ಬಟ್ಟೆಯ ಚೀಲ ಹಿಡಿದುಕೊಂಡೇ ಬಾಗಿಲಲ್ಲಿ ನಿಂತಿದ್ದ. ಈ ದೇಶದಲ್ಲಿ ಹೆಂಡತಿಯನ್ನು ಬಿಟ್ಟುಕೊಟ್ಟಾರು, ಲಾಂಡ್ರಿಯ ಹೊತ್ತನ್ನು ಬಿಟ್ಟುಕೊಡಲಾರರು. ನಮ್ಮ ಬಾಗಲಕೋಟೆಯ ಬಸವರಾಜ, ಅವನ ಹೆಂಡತಿ ನವ್ಯಾ ಇಬ್ಬರೂ ಬಂದಿದ್ದರು. ಎಲ್ಲರನ್ನೂ ಬರಮಾಡಿಕೊಳ್ಳುತ್ತಿದ್ದವಳು ಗುನಿಲ್ಲಾ ಎಂಬ ಹೆಂಗಸು, ನಾಟಕದ ಡೈರೆಕ್ಟರ್. ನನ್ನದೇ ವಯಸ್ಸು, ಗಂಡಸರ ಪ್ಯಾಂಟು, ಕತ್ತರಿಸಿದ ಬಿಳಿ ಕೂದಲು. ದೊಡ್ಡ ದೊಡ್ಡ ಥಿಯೇಟರಿನಲ್ಲಿ ಕೆಲಸ ಮಾಡಿದವಳಂತೆ. ವೆಲ್ವೆಟ್ ಕುರ್ಚಿಗೆ ಬರಲು ಹೆದರುವ ಜನರ ಹತ್ತಿರಕ್ಕೆ ಹಾಡನ್ನೇ ಒಯ್ಯಬೇಕೆಂದು ಹೊರಟಿದ್ದಾಳೆ. ಒಮ್ಮೆ ಬಸ್ ಗ್ಯಾರೇಜು, ಒಮ್ಮೆ ಲಾಂಡ್ರಿ. ಜಾತ್ರೆ ಎಲ್ಲಿಯೋ ಅಲ್ಲಿ ತಗಡಿನ ಥಿಯೇಟರ್ ಕಟ್ಟುತ್ತಿದ್ದ ನಮ್ಮ ನಾಟಕ ಕಂಪನಿಯ ಮಾಲಕರಿಗೂ ಇದೇ ಹುಚ್ಚು. ಆದರೆ ಅವರು ಬಂದವರನ್ನು ಏನೂ ತಿಳಿಯದವರು ಎನ್ನುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ.

ಕಥೆ ಇಟಲಿಯದು, ಬಹಳ ಹಳೆಯದಂತೆ. ಹೆಸರು ನನ್ನ ನಾಲಿಗೆಯಲ್ಲಿ ಹೊರಳುವುದಿಲ್ಲ. ಒಬ್ಬ ಹುಡುಗಿ ತನ್ನ ಅಣ್ಣನ ಹಗೆಯವನಿಗೆ ಮನಸ್ಸು ಕೊಡುತ್ತಾಳೆ. ಅವನು ಸತ್ತನೆಂದು ಮನೆಯವರು ಸುಳ್ಳು ಹೇಳುತ್ತಾರೆ, ಇವಳು ವಿಷ ಕುಡಿಯುತ್ತಾಳೆ. ಮುಂದಿನದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಸೀನರಿ ಇಲ್ಲ, ತೆರೆ ಇಲ್ಲ, ಬಣ್ಣ ಇಲ್ಲ. ನಾಯಕಿ ಜೀನ್ಸ್ ಪ್ಯಾಂಟಿನಲ್ಲಿ, ಒಗೆದ ಚಾದರನ್ನು ತಲೆಯ ಮೇಲೆ ಹೊದ್ದು ಬಂದಳು. ತೂವಾ ಎಂದು ಅವಳ ಹೆಸರು, ಮೂವತ್ತು ಇರಬಹುದು, ಮುಖದ ತುಂಬ ಕಂದು ಚುಕ್ಕೆ. ಮೂಲೆಯಲ್ಲಿ ಒಬ್ಬ ಕರೆಂಟಿನ ಪಿಯಾನೋ ಬಾರಿಸುತ್ತಿದ್ದ. ಗುನಿಲ್ಲಾ ಬೇಕೆಂದೇ ಒಂದು ಮೆಷಿನಿಗೆ ಬರೀ ನೀರು ಬಿಟ್ಟು ಓಡಿಸಿದ್ದಳು, ಹುಡುಗಿಯ ಎದೆ ಬಡಿದುಕೊಂಡ ಹಾಗೆ ಅದು ಗುಡುಗುಡು ಎನ್ನುತ್ತಿತ್ತು. ಮೊದಲು ನಾನು ಸೊಟ್ಟ ಮುಖ ಮಾಡಿಕೊಂಡು ಕೂತಿದ್ದೆ, ಸುಳ್ಳೇಕೆ ಹೇಳಲಿ. ಇದೆಂಥ ನಾಟಕ, ಮುಖಕ್ಕೆ ಪೌಡರೂ ಇಲ್ಲ ಎಂದು. ಆಮೇಲೆ ಆ ಹುಡುಗಿ ಬಾಯಿ ತೆರೆದಳು. ಮೋಯಿನ್, ಮೈಕ್ ಇಲ್ಲದೆ, ಆ ಸಿಮೆಂಟಿನ ನೆಲಮಾಳಿಗೆಯಲ್ಲಿ, ಕೈಗೆ ಎಟುಕುವಷ್ಟು ಹತ್ತಿರ ನಿಂತು ಒಬ್ಬಳು ಎದೆಯಿಂದ ಹಾಡಿದರೆ ಹೇಗಿರುತ್ತದೆಂದು ಮರೆತೇಬಿಟ್ಟಿದ್ದೆ. ನನ್ನ ಬೆರಳು ಬುಟ್ಟಿಯ ಮೇಲೆ ತಾಳ ಹಾಕತೊಡಗಿತು. ಒಂದು ಮಾತೂ ಅರ್ಥವಾಗಲಿಲ್ಲ, ಎಲ್ಲವೂ ತಿಳಿಯಿತು.

ಕೊನೆಗೆ ಅವಳು ವಿಷ ಕುಡಿದು, ಮೆಷಿನಿಗೆ ಒರಗಿ ಕೂತು ಹಾಡುತ್ತಾ ಹಾಡುತ್ತಾ ತಲೆ ವಾಲಿಸಿದಳು. ಮೆಷಿನ್ ನಿಂತಿತು. ಎಲ್ಲರೂ ಉಸಿರು ಹಿಡಿದು ಕೂತಿದ್ದರು. ಚೀಲ ಹಿಡಿದ ಮುದುಕ ಚೀಲ ಕೆಳಗಿಟ್ಟಿದ್ದ. ಆಗ ನಾನು ಕೂಗಿದೆ. ಯೋಚಿಸಿ ಕೂಗಿದ್ದಲ್ಲ, ಯಾರನ್ನೂ ಕೆಣಕಲು ಕೂಗಿದ್ದಲ್ಲ. ಹಾಗೆ ಸತ್ತವಳನ್ನು ನೋಡಿದರೆ ನಮ್ಮ ಕಡೆಯವರ ಬಾಯಿಗೆ ಬರುವುದು ಅದೊಂದೇ ಮಾತು. ವನ್ಸ್ ಮೋರ್ ಎಂದೆ. ಬುಟ್ಟಿಯ ಮೇಲಿಂದ ಎದ್ದು ನಿಂತು ಇನ್ನೊಮ್ಮೆ ಎಂದೆ. ಹಿಂದಿನಿಂದ ಬಸವರಾಜನೂ ಒಂದು ಕೂಗು ಹಾಕಿದ, ಅವನ ರಕ್ತದಲ್ಲೂ ಅದು ಇದ್ದಿರಬೇಕು. ಉಳಿದವರೆಲ್ಲ ತಿರುಗಿ ನೋಡಿದರು. ನೈನಾ ಖದೀಜಾಳ ತೋಳಿನಲ್ಲಿ ಮುಖ ಮುಚ್ಚಿಕೊಂಡು 'ಪಿನ್ಸಾಮ್ಟ್, ಪಿನ್ಸಾಮ್ಟ್' ಎಂದಳಂತೆ. ಮುಜುಗರವಾದರೆ ಈ ಮಕ್ಕಳು ಹೇಳುವ ಮಾತು ಅದು. ನಿನ್ನ ಮಗಳಲ್ಲವೇ. ಗುನಿಲ್ಲಾ ಪಿಯಾನೋದ ಪಕ್ಕದಿಂದ ನನ್ನನ್ನು ನೋಡಿದ ನೋಟಕ್ಕೆ ಹಸಿ ಬಟ್ಟೆ ಒಣಗುತ್ತಿತ್ತು.

ಆಗ ಆ ಸತ್ತ ಹುಡುಗಿ ಕಣ್ಣು ತೆರೆದಳು. ನನ್ನನ್ನು ನೋಡಿದಳು, ಗುನಿಲ್ಲಾಳನ್ನು ನೋಡಿದಳು. ಚಾದರ ಸರಿಮಾಡಿಕೊಂಡು ಎದ್ದಳು. ಪಿಯಾನೋದವನಿಗೆ ತಲೆಯಲ್ಲೇ ಸನ್ನೆ ಮಾಡಿ, ವಿಷದ ಬಟ್ಟಲನ್ನು ಮತ್ತೆ ಕೈಗೆ ತೆಗೆದುಕೊಂಡು, ಮೊದಲಿನಿಂದ ಹಾಡಿದಳು. ಎರಡನೆಯ ಸಲ ಹಾಡಿದ್ದು ಮೊದಲಿನಂತಿರಲಿಲ್ಲ. ಮೊದಲ ಸಲ ಅವಳು ಚೆನ್ನಾಗಿ ಹಾಡಿದ್ದಳು, ಎರಡನೆಯ ಸಲ ನಮಗಾಗಿ ಹಾಡಿದಳು. ಮತ್ತೆ ಸತ್ತಾಗ ಲಾಂಡ್ರಿ ಕಿತ್ತುಹೋಗುವಂತೆ ಚಪ್ಪಾಳೆ ಬಿತ್ತು. ಸಿರಿಯಾದ ಹೆಂಗಸರು ನಾಲಿಗೆ ಹೊರಳಿಸಿ ಕೇಕೆ ಹಾಕಿದರು. ನವ್ಯಾ ವಿಡಿಯೋ ಮಾಡಿದ್ದು ಮೊದಲ ಸಾವಿನಿಂದ ಈಚಿನ ಇಷ್ಟನ್ನೇ. ನಿನಗೆ ಕಂಡದ್ದು ಬುಟ್ಟಿಯ ಮೇಲಿಂದ ಎದ್ದು ಕೂಗುವ ಒಬ್ಬ ಮುದುಕಿ ಮಾತ್ರ.

ಆಮೇಲೆ ಫಿಕಾ. ಇವರು ಮದುವೆಯಾದರೂ ಮಣ್ಣಾದರೂ ಕಾಫಿ, ದಾಲ್ಚಿನ್ನಿ ಬನ್ ಬಿಡುವುದಿಲ್ಲವಲ್ಲ. ಗುನಿಲ್ಲಾ ಕೆಂಪು ಮುಖ ಮಾಡಿಕೊಂಡು ನೇರ ನನ್ನ ಹತ್ತಿರ ಬಂದಳು. ಆ ಕೊನೆಯ ಮೌನಕ್ಕಾಗಿಯೇ ಚಳಿಗಾಲವೆಲ್ಲ ದುಡಿದಿದ್ದಳಂತೆ, ನಾನು ಅದನ್ನು ಒಡೆದೆನಂತೆ. ಖದೀಜಾ ಅದನ್ನು ಮೆದುವಾಗಿಸಿ ಕನ್ನಡದಲ್ಲಿ ಹೇಳಿದಳು, ಆದರೆ ಸಿಟ್ಟಿಗೆ ತರ್ಜುಮೆ ಬೇಡ. ಆ ಮೌನ ನನಗೂ ಕೇಳಿಸಿತು, ಅದು ತುಂಬಿದ ಮೇಲೆಯೇ ನಾನು ಕೂಗಿದ್ದು ಎಂದೆ. ತುಂಬಿತೋ ಇಲ್ಲವೋ ಎಂದು ನೋಡುವ ಕೆಲಸ ನನ್ನದು, ನಿಮ್ಮದಲ್ಲ ಎಂದಳು. ಸೋಲುವವಳಲ್ಲ. ನನಗೆ ಹಿಡಿಸಿದಳು. ಅಷ್ಟರಲ್ಲಿ ತೂವಾ ಬಂದು ನಮ್ಮಿಬ್ಬರ ನಡುವೆ ನಿಂತಳು. ಹಿಂದೆ ಇಟಲಿಯಲ್ಲೂ ಜನ ಹೀಗೇ ಕೂಗಿ ಕೂಗಿ ಹಾಡಿಸುತ್ತಿದ್ದರು ಎಂದು ಓದಿದ್ದಾಳಂತೆ. ಆಮೇಲೆ ಅವಳು ಹೇಳಿದ ಮಾತನ್ನು ಖದೀಜಾ ನನ್ನ ಕೈ ಹಿಡಿದು ಕನ್ನಡದಲ್ಲಿ ಹೇಳಿದಳು: ಇಷ್ಟು ವರ್ಷ ಹಾಡಿದ್ದೇನೆ, ಚೆನ್ನಾಗಿತ್ತು ಎಂದವರಿದ್ದಾರೆ, ಇನ್ನೊಮ್ಮೆ ಬೇಕು ಎಂದವರು ಇವತ್ತೇ ಮೊದಲು.

ಈಗ ನಿನಗೆ ನೋವಾದ ಜಾಗಕ್ಕೆ ಬರುತ್ತೇನೆ. ಕಾಫಿ ಕಪ್ಪು ಹಿಡಿದು ಬಸವರಾಜ ನನ್ನ ಹತ್ತಿರ ಬಂದ. 'ಟೀಚರ, ಹಿಂಗ ಕೂಗೋದು ನೀವು ಎಲ್ಲಿ ಕಲ್ತ್ರಿ?' ಎಂದು ಕೇಳಿದ. ಟೀಚರ್. ನಾನು ಹೋದ ಸೆಪ್ಟೆಂಬರಿನಲ್ಲಿ ಇಲ್ಲಿಗೆ ಬರುವ ಮೊದಲೇ ನೀನು ಎಲ್ಲರಿಗೂ ಹಾಗೆಂದು ಹೇಳಿ ಇಟ್ಟಿದ್ದೆಯಲ್ಲ, ನಮ್ಮ ಅಮ್ಮಿ ಹುಬ್ಬಳ್ಳಿಯಲ್ಲಿ ಶಾಲಾ ಮಾಸ್ತರಿಣಿಯಾಗಿದ್ದರು ಎಂದು. ಮೂರನೆಯ ಇಯತ್ತೆಗೆ ಶಾಲೆ ಬಿಟ್ಟು, ನಾಟಕದ ಪಾರ್ಟಿನ ಹಾಳೆ ನೋಡಿ ನೋಡಿ ಅಕ್ಷರ ಕಲಿತವಳು ನಾನು. ಇಷ್ಟು ತಿಂಗಳೂ ಆ ವೇಷ ಹಾಕಿದ್ದೇನೆ. ನವ್ಯಾ ತನ್ನ ಮಗುವನ್ನು ಕನ್ನಡ ಕಲಿಯಲು ತಂದು ಬಿಟ್ಟಾಗ ಬಾಯಿ ಮುಚ್ಚಿಕೊಂಡು ಅ ಆ ಇ ಈ ತಿದ್ದಿಸಿದ್ದೇನೆ. ನನ್ನ ಬದುಕಿನಲ್ಲಿ ನಾನು ಮಾಡಿದ ಅತಿ ಕೆಟ್ಟ ಪಾರ್ಟು ಅದು. ರಾಣಿಯ ಪಾರ್ಟು ಬೆಳಗಿನವರೆಗೆ ಮಾತ್ರ, ಇದಕ್ಕೆ ತೆರೆಯೇ ಬೀಳಲಿಲ್ಲ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಬಂದೆ. 'ಕೂಗೋದು ಕಲ್ತಿಲ್ಲಪ್ಪ ಬಸವರಾಜ, ಕೂಗಿಸ್ಕೊಳ್ಳೋದು ಕಲ್ತೀನಿ' ಎಂದೆ. ನಾನು ಟೀಚರ್ ಅಲ್ಲ, ಗದುಗಿನ ಕಡೆಯ ನಾಟಕ ಕಂಪನಿಯಲ್ಲಿ ನಾಯಕಿಯ ಪಾರ್ಟು ಮಾಡುತ್ತಿದ್ದವಳು ಎಂದೆ. ದೊಡ್ಡ ದನಿಯಲ್ಲೇ ಎಂದೆ. ನನ್ನ ದನಿ ಸಣ್ಣದು ಮಾಡಲು ನನಗೆ ಯಾರೂ ಕಲಿಸಲಿಲ್ಲ.

ಏನಾಯಿತೆಂದು ಕೇಳು. ಆಕಾಶ ಬೀಳಲಿಲ್ಲ. ನವ್ಯಾ ಮೆಲ್ಲಗೆ 'ಆಂಟಿ, ಮಗಳಿಗೆ ಅಕ್ಷರ ಸಾಕು, ಹಾಡು ಹೇಳ್ಕೊಡ್ತೀರಾ?' ಎಂದಳು. ಬಸವರಾಜನ ತಾಯಿ ಪ್ರತಿ ವರ್ಷ ಬನಶಂಕರಿ ಜಾತ್ರೆಗೆ ಹೋಗುತ್ತಿದ್ದದ್ದೇ ನಾಟಕ ನೋಡಲಂತೆ. ನಮ್ಮ ಕಂಪನಿಯ ಹೆಸರು ಹೇಳಿದ ಕೂಡಲೇ ಅವನು ಅಲ್ಲೇ ನಿಂತು ಅಮ್ಮನಿಗೆ ಫೋನ್ ಮಾಡಿದ. ಆಕೆ ನನ್ನ ದನಿ ಕೇಳಿ ಅತ್ತಳು, ಮೋಯಿನ್. ನಾನು ಯಾವ ಸೀರೆ ಉಟ್ಟು ಯಾವ ಹಾಡಿಗೆ ಸತ್ತಿದ್ದೆನೆಂದು ಆಕೆಗೆ ನೆನಪಿದೆ. ಮರೆತವನು ನೀನೊಬ್ಬನೇ.

ಮತ್ತೆ ನೀನು ಫೋನಿನಲ್ಲಿ ಏನೆಂದೆ? 'ಅಮ್ಮಿ, ಇಲ್ಲಿ ನಮಗೊಂದು ಮರ್ಯಾದಿ ಐತಿ. ಅದನ್ನ ಲಾಂಡ್ರಿಯೊಳಗ ತೊಳದು ಬಂದ್ರಿ' ಎಂದೆ. ಮಾತು ಚೆನ್ನಾಗಿ ಪೋಣಿಸುತ್ತೀಯ, ಅದು ನನ್ನಿಂದಲೇ ಬಂದದ್ದು. ಇನ್ನೊಮ್ಮೆ ಆ ಜನರ ಜೊತೆ ಸೇರಿದರೆ ಹುಬ್ಬಳ್ಳಿಗೆ ಟಿಕೆಟ್ ಮಾಡುತ್ತೇನೆ ಎಂದೆ. ಮಾಡು. ನನ್ನ ವೀಸಾ ಜೂನ್‌ವರೆಗಿದೆ, ಆದರೂ ಮಾಡು. ಆದರೆ ಏಪ್ರಿಲ್ ಇಪ್ಪತ್ತೈದರ ನಂತರದ್ದು ಮಾಡು, ಅದಕ್ಕೆ ಮೊದಲಿನದು ಮಾಡಿದರೆ ನಿನ್ನ ದುಡ್ಡು ದಂಡ, ನಾನು ಹತ್ತುವುದಿಲ್ಲ. ಒಮ್ಮೆ ನಿನ್ನ ಮಾತು ಕೇಳಿದ್ದೇನೆ. ನೀನು ನಾಲ್ಕನೆಯ ಇಯತ್ತೆಯಲ್ಲಿದ್ದೆ. ಶಾಲೆಯಲ್ಲಿ ಹುಡುಗರು ನಾಟಕದಾಕಿ ಮಗ ಎಂದು ಹಾಡು ಕಟ್ಟಿ ಕುಣಿದರೆಂದು ಅಂಗಿ ಹರಿದುಕೊಂಡು ಬಂದೆ. ನನ್ನ ಸೆರಗು ಹಿಡಿದು 'ಅಮ್ಮಿ, ಬಣ್ಣ ಹಚ್ಚಬ್ಯಾಡ' ಎಂದೆ. ಹಚ್ಚಲಿಲ್ಲ. ಮಾಲಕರು ಬಂದು ಕರೆದರು, ಹೋಗಲಿಲ್ಲ. ನಿನ್ನ ಅಬ್ಬಾ ಮಾತ್ರ ಬೇಡವೆಂದರು, ಹುಡುಗ ದೊಡ್ಡವನಾಗುತ್ತಾನೆ, ತಿಳಿಯುತ್ತದೆ, ನೀನು ಬಿಡಬೇಡ ಎಂದರು. ನಾನು ಬಿಟ್ಟೆ. ಬಿಟ್ಟದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ, ಹತ್ತು ವರ್ಷದ ಮಗು ಅತ್ತರೆ ತಾಯಿ ಏನು ಬೇಕಾದರೂ ಬಿಡುತ್ತಾಳೆ. ಆದರೆ ಈಗ ನಿನಗೆ ನಲವತ್ತೆರಡು. ಕಿವಿಯ ಪಕ್ಕ ಬಿಳಿ ಕೂದಲು ಬಂದಿದೆ. ನಲವತ್ತೆರಡರ ಗಂಡಸು ಅತ್ತರೆ ನಾನು ಕಣ್ಣೊರೆಸುತ್ತೇನೆ, ಬಣ್ಣ ಒರೆಸುವುದಿಲ್ಲ.

ಇನ್ನು ಜಮಾತಿನವರು ಏನೆನ್ನುತ್ತಾರೋ ಎಂದೂ ನೀನು ಕೇಳಿದೆ. ನಾಟಕದಲ್ಲಿ ದೇವಿಯ ಪಾರ್ಟು ಮಾಡಿ ಇಳಿದು ಬಂದು ನಮಾಜು ಮಾಡಿದವಳು ನಾನು. ಅಲ್ಲಾಹನಿಗೆ ನನ್ನ ಲೆಕ್ಕ ಗೊತ್ತಿದೆ, ನಡುವೆ ನೀನು ಗುಮಾಸ್ತನಾಗಬೇಡ. ಮರ್ಯಾದೆಯ ಮಾತು ಹೇಳುತ್ತೇನೆ ಕೇಳು. ನಿನ್ನ ಅಬ್ಬಾ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್, ಎಣ್ಣೆ ಕೈ. ಹಬ್ಬದ ದಿನ ನಾಲ್ಕು ಜನರ ಮುಂದೆ 'ನನ್ನ ಹೆಂಡ್ತಿ ಆರ್ಟಿಸ್ಟ್ ಅದಾಳ' ಎಂದು ಎದೆ ಉಬ್ಬಿಸಿ ಹೇಳುತ್ತಿದ್ದರು. ನೀನು ಇಂಜಿನಿಯರ್, ದೇಶ ದಾಟಿ ಬಂದೆ, ಆ ಮಾತು ಹೇಳಲು ನಿನಗೆ ಬಾಯಿ ಬರಲಿಲ್ಲ. ನನಗೆ ಇದರಿಂದ ನೋವಾಗಿದೆ. ಸುತ್ತಿ ಬಳಸಿ ಹೇಳುವುದಿಲ್ಲ, ಬಹಳ ನೋವಾಗಿದೆ.

ಈಗ ಸುದ್ದಿ. ಮೊದಲ ದಿನ ಜಾಗ ಸಿಗದೆ ಹಿಂತಿರುಗಿದವರು ಬಹಳ, ಆದ್ದರಿಂದ ಇಪ್ಪತ್ತೈದರ ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ನಮ್ಮ ಲಾಂಡ್ರಿಯಲ್ಲೇ ಇನ್ನೊಂದು ಆಟ ಇದೆ. ಅದರಲ್ಲಿ ನಾನೂ ಇರಬೇಕೆಂದು ತೂವಾಳ ಹಟ. ನಿನ್ನೆ ಅವಳು ಗುನಿಲ್ಲಾಳನ್ನು ಕರೆದುಕೊಂಡು ಮನೆಗೆ ಬಂದಿದ್ದಳು. ಖದೀಜಾ ಮಂಡಕ್ಕಿ ಒಗ್ಗರಣೆ ಮಾಡಿದ್ದಳು, ಗುನಿಲ್ಲಾ ಮೆಣಸಿನಕಾಯಿ ಕಚ್ಚಿ ನೀರು ಕುಡಿದು ಮತ್ತೆ ಹಾಕಿಸಿಕೊಂಡಳು. ನಾಯಕಿಯ ಮನೆಯಲ್ಲಿ ಒಬ್ಬ ಮುದಿ ದಾಸಿ ಇದ್ದಾಳೆ, ಕೊನೆಯಲ್ಲಿ ಸಾಯುವ ಹುಡುಗಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಳ್ಳುತ್ತಾಳೆ. ಮೊದಲ ದಿನ ಆ ಪಾರ್ಟೇ ತೆಗೆದು ಹಾಕಿದ್ದರು, ಈಗ ಅದು ನನ್ನದು. ಹಾಡು ಹೇಳಿ ತೋರಿಸಿ ಎಂದರು. ಸೋಫಾದ ಮೇಲೆ ಕೂತೇ, ನಮ್ಮ ಕಂಪನಿಯ ಮಾಸ್ತರರು ಭೈರವಿಯಲ್ಲಿ ಕೂರಿಸಿಕೊಟ್ಟ ಆ ಪದ ಹಾಡಿದೆ. ನಿನಗೂ ನೆನಪಿರಬೇಕು, ಜ್ವರ ಬಂದಾಗ ಹಾಡೆಂದು ಕೇಳುತ್ತಿದ್ದೆ. 'ದೀಪ ಆರಿಸಬ್ಯಾಡಿರೇ ಗೆಳತೀ, ಬರುವಾತ ಬಂದಿಲ್ಲ ಇನ್ನ.' ಮೇಲಿನ ಷಡ್ಜಕ್ಕೆ ದನಿ ಏರಲಿಲ್ಲ, ಅರ್ಧಕ್ಕೆ ಬಿರಿಯಿತು. ಮೂವತ್ತೆರಡು ವರ್ಷ ಮುಚ್ಚಿಟ್ಟ ಪೆಟ್ಟಿಗೆ, ಒಮ್ಮೆಗೇ ಬೀಗ ತೆರೆಯುತ್ತದೆಯೇ? ಬಿರಿದದ್ದನ್ನು ಬಿರಿದ ಹಾಗೆಯೇ ಬಿಡಿ ಎಂದಳು ಗುನಿಲ್ಲಾ.

ಆದರೆ ಅವಳು ಒಂದು ಶರತ್ತು ಹಾಕಿದಳು. ತೂವಾ ಇಟಲಿಯ ಹಾಡು ಹಾಡಿ ನನ್ನ ತೊಡೆಯ ಮೇಲೆ ಸಾಯುತ್ತಾಳೆ. ಆಗ ಜನ ತಾವಾಗಿ ಇನ್ನೊಮ್ಮೆ ಎಂದು ಕೂಗಿದರೆ ಎರಡನೆಯ ಸಲ ಹಾಡುವವಳು ನಾನು, ಕನ್ನಡದಲ್ಲಿ. ಯಾರೂ ಕೂಗದಿದ್ದರೆ ಆಟ ಅಲ್ಲಿಗೇ ಮುಗಿಯಿತು, ನನ್ನ ಹಾಡಿಲ್ಲ. ಕೂಗಲು ಮೊದಲೇ ಜನರನ್ನು ಕೂರಿಸಿರಬಾರದು ಎಂದು ನನ್ನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದಳು. ಚಾಲಾಕಿ ಹೆಂಗಸು. ನಮ್ಮ ಮಾಲಕರು ಅದಕ್ಕೆಂದೇ ಹಿಂದಿನ ಸಾಲಿನಲ್ಲಿ ನಾಲ್ಕು ಜನರನ್ನು ಪುಕ್ಕಟೆ ಕೂರಿಸುತ್ತಿದ್ದರೆಂದು ಅವಳಿಗೆ ಯಾರು ಹೇಳಿದರೋ. ಇನ್ನೊಂದು ಜಗಳ ಬಣ್ಣದ್ದು. ಅವಳ ಆಟದಲ್ಲಿ ಯಾರೂ ಬಣ್ಣ ಹಚ್ಚುವುದಿಲ್ಲ, ಹಚ್ಚಿದರೆ ಜನ ದೂರವಾಗುತ್ತಾರೆ ಎನ್ನುತ್ತಾಳೆ. ನಾನು ಬಣ್ಣ ಹಚ್ಚದೆ ರಂಗಕ್ಕೆ ಕಾಲಿಡುವವಳಲ್ಲ ಎಂದೆ. ಬಹಳ ಹೊತ್ತು ಜಗ್ಗಾಡಿದೆವು. ಕೊನೆಗೆ ನಾನು ಹಚ್ಚಿಕೊಳ್ಳುವುದನ್ನು ಅಲ್ಲೇ, ಎಲ್ಲರ ಎದುರಿಗೆ, ಮೆಷಿನಿನ ಗಾಜಿನಲ್ಲಿ ಮುಖ ನೋಡಿಕೊಂಡು ಹಚ್ಚಬೇಕೆಂದು ಆಯಿತು. ನಮ್ಮ ಕಂಪನಿಯಲ್ಲಿ ಬಣ್ಣ ಹಚ್ಚುವುದನ್ನು ಹೊರಗಿನವರು ನೋಡಿದರೆ ಕೇಡೆನ್ನುತ್ತಿದ್ದರು. ಇರಲಿ, ಅವಳೂ ಒಂದು ಬಿಟ್ಟಳು, ನಾನೂ ಒಂದು ಬಿಟ್ಟೆ. ಎಲ್ಲರೂ ನೋಡಲಿ. ಮುಚ್ಚಿಕೊಂಡು ಹಚ್ಚಿದ್ದು ಸಾಕಾಗಿದೆ.

ಅವರು ಹೋದ ಮೇಲೆ ನಾನು, ಖದೀಜಾ ಲಾಂಡ್ರಿಗೆ ಇಳಿದೆವು, ನೈನಾಳ ಯೂನಿಫಾರ್ಮು, ಅಲ್ಲ, ಅದೇನೋ ಶಾಲೆಯ ಜಿಮ್ಮಿನ ಬಟ್ಟೆ ಒಗೆಯುವುದಿತ್ತು. ಹೊಸ್ತಿಲು ದಾಟುವಾಗ ಕೈ ತಾನಾಗಿ ಹೋಗಿ ನೆಲ ಮುಟ್ಟಿ ಹಣೆಗೆ ಬಂತು. ರಂಗಕ್ಕೆ ಕಾಲಿಡುವ ಮೊದಲು ನಾವೆಲ್ಲ ಮಾಡುತ್ತಿದ್ದದ್ದು ಹಾಗೆ, ಯಾವ ಜಾತಿಯವರಾದರೂ. ಸೋಪಿನ ಪುಡಿ ಹಣೆಗೆ ಅಂಟಿತು. ಖದೀಜಾ ಸೆರಗಿನಿಂದ ಒರೆಸಿ 'ಅಮ್ಮಿ, ನೀವು ಹಾಡ್ರಿ. ನಿಮ್ಮ ಮಗನಿಗೆ ನಾ ಹೇಳ್ತೀನಿ' ಎಂದಳು. ನೀನು ಹೇಳುವುದು ಬೇಡ, ನಾನೇ ಬರೆಯುತ್ತೇನೆ ಎಂದೆ. ಆದ್ದರಿಂದ ಅವಳ ಮೇಲೆ ರೇಗಬೇಡ. ಅವಳು ತನ್ನ ಪೌಡರ್ ಡಬ್ಬಿಯನ್ನೂ, ನಿಕಾಹದ ದಿನದ ಕೆಂಪು ದುಪಟ್ಟಾವನ್ನೂ ನನಗೆ ಕೊಟ್ಟಿದ್ದಾಳೆ. ಮುದಿ ದಾಸಿಗೆ ಇಷ್ಟು ಜರಿ ಏಕೆಂದು ಗುನಿಲ್ಲಾ ಕೇಳಿಯೇ ಕೇಳುತ್ತಾಳೆ. ಆ ಜಗಳ ಇನ್ನೂ ಬಾಕಿಯಿದೆ.

ಹೊತ್ತಿಗೆ ಸರಿಯಾಗಿ ಉಣ್ಣು. ಗಣಿಯೊಳಗೆ ಹೋಗುವಾಗ ಬಿಸ್ಮಿಲ್ಲಾ ಎಂದು ಕಾಲಿಡು. ಸಿಟ್ಟಿದ್ದರೆ ಇರಲಿ, ಸಿಟ್ಟಿನಲ್ಲೂ ಸ್ವೆಟರ್ ಹಾಕಿಕೋ. ನಿನ್ನ ಜೊತೆ ಆ ಕೊರೆಯುವ ಚಳಿಯಲ್ಲಿ ದುಡಿಯುವ ಹುಡುಗರಿಗೆಲ್ಲ ನನ್ನ ಸಲಾಮು ಹೇಳು. ಅಲ್ಲಾಹನು ನಿನ್ನನ್ನು ಚೆನ್ನಾಗಿಟ್ಟಿರಲಿ, ನನಗಿಂತ ಹೆಚ್ಚು ಕಾಲ ಬದುಕು, ನನಗಿಂತ ಕಡಿಮೆ ಹೆದರು.

ನಿನ್ನ ಅಮ್ಮಿ,
ಅರ್ಜುಮಂದ್ ಬಾನು, ಗದಗ
(ಟೀಚರ್ ಅಲ್ಲ)

ತಾ.ಕ.: ಖದೀಜಾ ಅಂಚೆಗೆ ಹಾಕಲು ಬಾಗಿಲಲ್ಲಿ ಬೂಟು ಹಾಕಿಕೊಂಡು ನಿಂತಿದ್ದಾಳೆ, ಬೇಗ ಬರೆಯುತ್ತೇನೆ. ನಿನಗೆ ಇದುವರೆಗೆ ಹೇಳದ ಒಂದು ಮಾತಿದೆ. ನಮ್ಮ ಕಂಪನಿ ಹುಬ್ಬಳ್ಳಿಯಲ್ಲಿ ಕ್ಯಾಂಪ್ ಮಾಡಿದಾಗ ಒಂದು ದಿನ ಜೋರು ಮಳೆ, ಮಾಲಕರ ಪುಕ್ಕಟೆಯ ಜನ ಬಂದಿರಲಿಲ್ಲ. ನಾನು ಹಾಡಿ ಸತ್ತೆ. ಯಾರೂ ಕೂಗಲಿಲ್ಲ. ಸತ್ತು ಬಿದ್ದಲ್ಲೇ ನಾಚಿಕೆಯಾಗಿ ಕಣ್ಣು ಮುಚ್ಚಿಕೊಂಡಿದ್ದೆ. ಆಗ ಹಿಂದಿನಿಂದ ಒಂದೇ ಒಂದು ದನಿ ವನ್ಸ್ ಮೋರ್ ಎಂದಿತು. ಯಾರೂ ಹೇಳಿಕೊಟ್ಟದ್ದಲ್ಲ, ದುಡ್ಡು ಕೊಟ್ಟು ಟಿಕೆಟ್ ತೆಗೆದ ದನಿ. ಎದ್ದು ನೋಡಿದೆ, ಎಣ್ಣೆ ಅಂಗಿಯ ಫಿಟ್ಟರ್ ಒಬ್ಬ. ನಿನ್ನ ಅಬ್ಬಾ. ಇಪ್ಪತ್ತೈದಕ್ಕೆ ಬಸವರಾಜ ಕೂಗುತ್ತೇನೆಂದು ಈಗಲೇ ಗಂಟಲು ಸರಿಮಾಡಿಕೊಳ್ಳುತ್ತಿದ್ದಾನೆ, ಗುನಿಲ್ಲಾಳಿಗೆ ಹೇಳಬೇಡ. ತೂವಾ ತಲೆ ವಾಲಿಸಿದ ಮೇಲೆ ಒಂದು ಉಸಿರಿನಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿರು ಎಂದು ಅವನಿಗೆ ಹೇಳಿದ್ದೇನೆ. ಆ ಒಂದು ಉಸಿರು ನಿನ್ನದು. ಇಪ್ಪತ್ನಾಲ್ಕರ ಶುಕ್ರವಾರ ಸಂಜೆ ಕಿರುನಾದಿಂದ ರೈಲಿದೆಯಂತೆ. ಬಂದರೆ ಮುಂದೆ ಕೂಡಬೇಡ, ಹಿಂದೆ ನಿಲ್ಲು. ನೀನು ಕೂಗದಿದ್ದರೂ ನಾನು ಹಾಡುತ್ತೇನೆ.